ಹಳೇ ಕಾರಿನ ಪೆಡಲ್‌ಗೆ ಕೊಳೆ, ಜಿಗುಟು, ತುಕ್ಕು: ಒರೆಸುವ ಮೊದಲು ಎಲ್ಲಿಂದ ಬಂತು ನೋಡಿ

ನಾವು ಕೊಡಗಿನವರು ಆಯುಧದ ಹಬ್ಬ ಕೈಲ್ ಪೊಳ್ದ್‌ಗೆ ಕೋವಿ ಒರೆಸಿ ಎಣ್ಣೆ ಹಾಕುತ್ತೇವೆ. ಆಯುಧಪೂಜೆಗೆ ಜೀಪು ತೊಳೆದು ಬಾನೆಟ್ ಮೇಲೆ ಹೂವು ಇಡುತ್ತೇವೆ. ಆದರೆ ದಿನಾ ಕಾಲಿಡುವ ಪೆಡಲ್ ಕಡೆ ಬಗ್ಗಿ ನೋಡುವವರು ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಮ್ ಬೂಟಿನ ನೀರು, ಗದ್ದೆ ಕೆಸರು, ತೋಟದ ಕಸ ಎಲ್ಲ ಅಲ್ಲೇ ಸೇರುತ್ತವೆ. ಆಮೇಲೆ ಒಂದು ದಿನ ಬ್ರೇಕ್ ಮೇಲಿಂದ ಕಾಲು ಜಾರುತ್ತದೆ, ಇಲ್ಲಾ ಕ್ಲಚ್ ಒತ್ತಿದಾಗ ಕಿರ್ ಅನ್ನುತ್ತದೆ. ಆಗ ನೆನಪಾಗುತ್ತದೆ.

ಹಳೇ ಮಾರುತಿ 800, ಓಮ್ನಿ, ಜಿಪ್ಸಿ, ಜೀಪು ಇಟ್ಟುಕೊಂಡವರಿಗಾಗಿ ಇದನ್ನು ಬರೆದಿದ್ದೇನೆ. ಇವುಗಳ ಪೆಡಲ್ ಸರಳ. ಕಬ್ಬಿಣದ ತೋಳು, ಕೆಳಗೆ ಕಾಲಿಡುವ ತಗಡು, ಅದರ ಮೇಲೆ ರಬ್ಬರ್ ಪ್ಯಾಡ್. ಕೆಲವರು ಚಂದಕ್ಕೆ ಅಲ್ಯೂಮಿನಿಯಂ ಕವರ್ ಹಾಕಿಸಿರುತ್ತಾರೆ. ಕೊಳೆ ತೆಗೆಯುವುದು ದೊಡ್ಡ ಕೆಲಸವೇನಲ್ಲ, ಅರ್ಧ ಗಂಟೆ ಸಾಕು. ಆದರೆ ಪೆಡಲ್ ಮೇಲಿನ ಒದ್ದೆ ಅಥವಾ ಜಿಗುಟು ಕೆಲವು ಸಲ ಬೇರೆ ತೊಂದರೆಯ ಗುರುತು. ಅದನ್ನು ನೋಡದೆ ಚೆನ್ನಾಗಿ ಒರೆಸಿಬಿಟ್ಟರೆ ಗುರುತೇ ಹೋಗಿಬಿಡುತ್ತದೆ. ಸೋರುವ ಬ್ರೇಕ್ ಹಾಗೇ ಉಳಿಯುತ್ತದೆ. ಸಂಪಾಜೆ ಘಾಟಿ ಇಳಿಯುವಾಗ ಅದು ಗೊತ್ತಾಗುವುದು ಬೇಡ, ಅಲ್ವಾ?

ಬಟ್ಟೆ ಆಮೇಲೆ, ಟಾರ್ಚ್ ಮೊದಲು

ನಮ್ಮ ಕಡೆ ಅಂಗಳ ಸಮತಟ್ಟಾಗಿರುವುದು ಅಪರೂಪ. ಆದ್ದರಿಂದ ಗಾಡಿಯನ್ನು ಕಣದಂಥ ಮಟ್ಟದ ಜಾಗಕ್ಕೆ ತನ್ನಿ. ಎಂಜಿನ್ ಆಫ್ ಮಾಡಿ, ಕೀ ತೆಗೆದಿಡಿ. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ನೀವು ತಲೆ ಕೆಳಗೆ ಮಾಡಿ ಕ್ಲಚ್ ಒತ್ತಿ ನೋಡುವಾಗ ಗಾಡಿ ಗೇರಿನ ಹಿಡಿತದಲ್ಲಿರುವುದಿಲ್ಲ, ಕಲ್ಲು ಮತ್ತು ಹ್ಯಾಂಡ್ ಬ್ರೇಕ್ ಮಾತ್ರ ಹಿಡಿದಿರುತ್ತವೆ.

ಮ್ಯಾಟ್ ತೆಗೆದು ಹೊರಗೆ ಹಾಕಿ. ಡ್ರೈವರ್ ಸೀಟು ಪೂರ್ತಿ ಹಿಂದಕ್ಕೆ ತಳ್ಳಿ. ಈಗ ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡಿ. ಪೆಡಲ್ ನೇತಾಡುವ ಕೀಲು, ಅಲ್ಲಿಂದ ಇಳಿಯುವ ತೋಳು, ಕೊನೆಗೆ ಕಾಲಿಡುವ ಜಾಗ. ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ, ಆಮೇಲೆ ಹೋಲಿಸಿ ನೋಡಲು ಬೇಕಾಗುತ್ತದೆ.

ಕೊಳೆ ಕಾಲಿಡುವ ಜಾಗದಲ್ಲಿ ಮಾತ್ರ ಇದ್ದು ಮೇಲಿನ ತೋಳು ಒಣಗಿ ಧೂಳು ಹಿಡಿದಿದ್ದರೆ, ಅದು ನಿಮ್ಮ ಬೂಟಿನಿಂದ ಬಂದದ್ದು. ತೊಳೆದರೆ ಮುಗಿಯಿತು. ತೋಳಿನ ಮೇಲ್ಭಾಗ ಒದ್ದೆಯಾಗಿದ್ದು ಅಲ್ಲಿಂದ ಕೆಳಕ್ಕೆ ಗೆರೆ ಇಳಿದಿದ್ದರೆ, ಏನೋ ಮೇಲಿನಿಂದ ಬೀಳುತ್ತಿದೆ. ಅದು ಬ್ರೇಕ್ ಆಯಿಲ್ ಆಗಿರಬಹುದು, ಮಳೆ ನೀರೂ ಆಗಿರಬಹುದು. ಕೀಲಿನ ಹತ್ತಿರ ಮಾತ್ರ ತುಕ್ಕು ಇದ್ದು ಕೆಳಗೆ ಇಲ್ಲದಿದ್ದರೆ ಮಳೆ ನೀರಿನ ಮೇಲೇ ಜಾಸ್ತಿ ಅನುಮಾನ.

ತುಂಬ ಹಳೇ ಜೀಪುಗಳಲ್ಲಿ ಈ ಲೆಕ್ಕ ಉಲ್ಟಾ. ಅವುಗಳ ಪೆಡಲ್ ತೋಳು ನೆಲದ ತಗಡಿನ ತೂತಿನಿಂದ ಮೇಲೆ ಬರುತ್ತದೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರದ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಕೂಡ ನೆಲದ ಕೆಳಗೇ ಇರುತ್ತದೆ. ಅಂಥ ಗಾಡಿಯಲ್ಲಿ ಒಳಗೆ ಎಷ್ಟು ಹುಡುಕಿದರೂ ಸೋರಿಕೆ ಕಾಣುವುದಿಲ್ಲ. ಗಾಡಿ ಕೆಳಗೆ ಮಲಗಿಯೇ ನೋಡಬೇಕು.

ಒಂದು ಲೋಟ ನೀರಿನ ಪರೀಕ್ಷೆ

ತೋಳಿನ ಮೇಲಿನ ಒದ್ದೆ ಏನು ಅಂತ ಗೊತ್ತಾಗದಿದ್ದರೆ, ಬಿಳಿ ಟಿಶ್ಯೂ ಅಥವಾ ಹಳೇ ಪಂಚೆಯ ತುಂಡಿನಿಂದ ಒತ್ತಿ ತೆಗೆಯಿರಿ. ಬಣ್ಣ ನೋಡಿ, ಬೆರಳಲ್ಲಿ ಉಜ್ಜಿ ನೋಡಿ. ನಾಲಿಗೆಗೆ ಮುಟ್ಟಿಸಬೇಡಿ. ಬ್ರೇಕ್ ಆಯಿಲ್, ಕೂಲೆಂಟ್ ಎರಡೂ ವಿಷ.

ಬಟ್ಟೆಗೆ ಬಂದದ್ದನ್ನು ಗಾಜಿನ ಲೋಟದ ನೀರಿಗೆ ಹಿಂಡಿ. ಸಾಮಾನ್ಯವಾಗಿ ಬಳಸುವ ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತು ಹೋಗುತ್ತದೆ. ಗ್ರೀಸು, ಎಂಜಿನ್ ಆಯಿಲ್ ಬೆರೆಯುವುದಿಲ್ಲ, ಬಣ್ಣದ ಪೊರೆಯಾಗಿ ಮೇಲೆ ತೇಲುತ್ತದೆ. ಜಾರುವಂತಿದ್ದು, ತಿಳಿ ಹಳದಿ ಬಣ್ಣವಿದ್ದು, ನೀರಲ್ಲಿ ಕರಗಿದರೆ ಬ್ರೇಕ್ ಆಯಿಲ್ ಅಂತಲೇ ತಿಳಿದು ಮುಂದಿನ ಕೆಲಸ ಮಾಡಿ. ಹಸಿರು ಅಥವಾ ಗುಲಾಬಿ ಬಣ್ಣ ಇದ್ದು ಸಿಹಿ ವಾಸನೆ ಬಂದರೆ ಅದು ಕೂಲೆಂಟ್, ಹೀಟರ್ ಕಡೆಯಿಂದ ಬರುತ್ತಿದೆ. ಕೂಲೆಂಟ್ ಕೂಡ ನೀರಲ್ಲಿ ಬೆರೆಯುತ್ತದೆ, ಅದಕ್ಕೇ ಬಣ್ಣ, ವಾಸನೆ ಎರಡನ್ನೂ ನೋಡಿ ಅಂದದ್ದು.

ಇನ್ನೊಂದು ಗುರುತು ಇದೆ. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ. ಪೆಡಲ್ ತೋಳಿನ ಕರಿ ಬಣ್ಣ ಮೆತ್ತಗಾಗಿ ಉಗುರಿಗೆ ಬಂದರೆ, ಇಲ್ಲಾ ಗುಳ್ಳೆ ಎದ್ದು ಸುಲಿದಿದ್ದರೆ, ಅಲ್ಲಿ ಬಹಳ ದಿನದಿಂದ ಸೋರುತ್ತಿದೆ ಅಂತ ಅರ್ಥ. ಮಳೆ ನೀರಿನಿಂದ ಬಣ್ಣ ಹೀಗೆ ಮೆತ್ತಗಾಗುವುದಿಲ್ಲ.

ಬ್ರೇಕ್ ಆಯಿಲ್ ಆಗಿದ್ದರೆ

ಇಲ್ಲಿ ಒರೆಸುವ ಕೆಲಸ ನಿಲ್ಲಿಸಿ. ಬಾನೆಟ್ ತೆಗೆದು ಆಯಿಲ್ ಡಬ್ಬಿಯ ಮಟ್ಟ ನೋಡಿ. ಚಕ್ರದ ಬಳಿ ಇರುವ ಬ್ರೇಕ್ ಪ್ಯಾಡ್ ಸವೆದಾಗಲೂ ಮಟ್ಟ ನಿಧಾನಕ್ಕೆ ಇಳಿಯುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಮಟ್ಟ ಇಳಿದಿದ್ದು ಪೆಡಲ್ ತೋಳೂ ಒದ್ದೆ ಇದ್ದರೆ ಅನುಮಾನವೇ ಬೇಡ.

ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹಾಳಾದರೆ ಆಯಿಲ್ ಪುಶ್ ರಾಡ್ (ಪೆಡಲ್‌ನಿಂದ ಸಿಲಿಂಡರಿಗೆ ಹೋಗುವ ಕಂಬಿ) ಹಿಡಿದು ಒಳಗೆ ಬರುತ್ತದೆ, ಪೆಡಲ್ ತೋಳಿನ ಮೇಲೆ ಇಳಿಯುತ್ತದೆ. ಇದು ಬೂಸ್ಟರ್ (ಬ್ರೇಕ್ ಒತ್ತುವ ಬಲ ಹೆಚ್ಚಿಸುವ ಡಬ್ಬಿ) ಇಲ್ಲದ ಗಾಡಿಗಳ ಕಥೆ. ಬೂಸ್ಟರ್ ಇರುವ ಗಾಡಿಯಲ್ಲಿ ಆಯಿಲ್ ಮೊದಲು ಬೂಸ್ಟರಿನ ಒಳಗೆ ಹೋಗಿ ಕೂರುತ್ತದೆ. ಪೆಡಲ್ ಒಣಗಿಯೇ ಇರುತ್ತದೆ, ಆಯಿಲ್ ಡಬ್ಬಿಯ ಮಟ್ಟ ಮಾತ್ರ ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಪೆಡಲ್ ಒಣಗಿದೆ ಅಂತ ನಿಶ್ಚಿಂತೆಯಿಂದ ಇರಬೇಡಿ, ಡಬ್ಬಿಯನ್ನೂ ನೋಡಿ.

ಆಯಿಲ್ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್ ಇದ್ದರೆ ಅದಕ್ಕೂ ಮಾಸ್ಟರ್ ಸಿಲಿಂಡರ್ ಇರುತ್ತದೆ, ಅದೂ ಹೀಗೇ ಸೋರುತ್ತದೆ. ಮಾರುತಿ 800 ರಂಥ ಗಾಡಿಯಲ್ಲಿ ಕ್ಲಚ್‌ಗೆ ಕೇಬಲ್. ಅಲ್ಲಿ ಕ್ಲಚ್ ತೋಳಿನ ಮೇಲೆ ಆಯಿಲ್ ಕಂಡರೆ ಅದು ಪಕ್ಕದ ಬ್ರೇಕ್ ಕಡೆಯಿಂದ ಬಂದಿರಬೇಕು, ಇಲ್ಲಾ ಯಾರೋ ಕೇಬಲ್‌ಗೆ ಎಣ್ಣೆ ಹಾಕಿರಬೇಕು.

ಈಗ ಬ್ರೇಕ್ ಪರೀಕ್ಷೆ. ಗಾಡಿ ನಿಂತಲ್ಲೇ ಎಂಜಿನ್ ಸ್ಟಾರ್ಟ್ ಮಾಡಿ, ಗೇರ್ ನ್ಯೂಟ್ರಲ್ ಇರಲಿ, ಕಲ್ಲು ತೆಗೆಯಬೇಡಿ. ಬ್ರೇಕನ್ನು ಹದವಾಗಿ ಒತ್ತಿ ಒಂದು ನಿಮಿಷ ಹಾಗೇ ಹಿಡಿಯಿರಿ. ಪೆಡಲ್ ಗಟ್ಟಿಯಾಗಿ ನಿಲ್ಲಬೇಕು. ನಿಧಾನಕ್ಕೆ ಕೆಳಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ, ಅಥವಾ ಸಿಲಿಂಡರ್ ಒಳಗಿನ ಸೀಲ್ ಹೋಗಿದೆ. ಆ ಗಾಡಿಯನ್ನು ಓಡಿಸಬೇಡಿ. ಮೆಕ್ಯಾನಿಕ್ ಮನೆಗೇ ಬರಲಿ, ಇಲ್ಲಾ ಪಿಕಪ್‌ಗೆ ಏರಿಸಿ ಕಳಿಸಿ. ಫೋನಿನಲ್ಲಿ "ಅಣ್ಣಾ, ಮಾಸ್ಟರ್ ಸಿಲಿಂಡರ್ ಸೋರ್ತಾ ಇದೆ, ಕಿಟ್ ಹಾಕಿದ್ರೆ ಸಾಕಾ, ಹೊಸದೇ ಬೇಕಾ?" ಅಂತ ಮೊದಲೇ ಕೇಳಿ. ಸಿಲಿಂಡರಿನ ಒಳಗೋಡೆಗೆ ತುಕ್ಕಿನ ಗುಳಿ ಬಿದ್ದಿದ್ದರೆ ಕಿಟ್, ಅಂದರೆ ಸೀಲುಗಳನ್ನು ಮಾತ್ರ, ಹಾಕಿ ಉಪಯೋಗವಿಲ್ಲ, ಹೊಸ ಸೀಲೂ ಬೇಗ ಹರಿಯುತ್ತದೆ. ನನ್ನನ್ನು ಕೇಳಿದರೆ ಇಪ್ಪತ್ತು ವರ್ಷದ ಗಾಡಿಗೆ ಹೊಸ ಸಿಲಿಂಡರೇ ಹಾಕಿಸಿ. ಬ್ರೇಕ್ ವಿಷಯದಲ್ಲಿ ಉಳಿತಾಯ ಬೇಡ.

ಆ ಕೆಲಸ ಆದಮೇಲೆ ಪೆಡಲ್ ಮೇಲಿನ ಹಳೇ ಆಯಿಲನ್ನು ಸೋಪು ನೀರಿನ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಕಾರ್ಪೆಟ್‌ಗೆ ಬಿದ್ದಿದ್ದರೆ ಅದನ್ನೂ ತೊಳೆಯಿರಿ.

ಮಳೆ ನೀರಾಗಿದ್ದರೆ

ಕೊಡಗಿನ ಗಾಡಿಗಳಲ್ಲಿ ಜಾಸ್ತಿ ಕಾಣುವುದು ಇದೇ. ಪೆಡಲ್ ತುಕ್ಕು ತಿಕ್ಕಿ ತೆಗೆದು, ಬಣ್ಣ ಹೊಡೆದು, ಮುಂದಿನ ಕಕ್ಕಡ ಮಾಸದ ಮಳೆಯಲ್ಲಿ ಮತ್ತೆ ಅದೇ ತುಕ್ಕು. ಕಾರಣ ಪೆಡಲ್ ಹತ್ತಿರ ಇಲ್ಲ, ಹೊರಗೆ ವೈಪರ್ ಕೆಳಗಿದೆ.

ಮುಂದಿನ ಗಾಜಿನ ಬುಡದಲ್ಲಿ ಜಾಲರಿ ಇರುತ್ತದೆಯಲ್ಲ, ಅದರ ಕೆಳಗೆ ನೀರು ಹರಿದು ಹೋಗಲು ದಾರಿ ಇರುತ್ತದೆ. ಸಿಲ್ವರ್ ಓಕ್ ಮರದ ಕೆಳಗೆ ಗಾಡಿ ನಿಲ್ಲಿಸುವ ಅಭ್ಯಾಸ ಇದ್ದರೆ ಆ ದಾರಿ ಕಟ್ಟಿಕೊಂಡಿರುವುದು ಹೆಚ್ಚುಕಮ್ಮಿ ಖಚಿತ. ಅದರ ಎಲೆ ಸಣ್ಣ ಸಣ್ಣ ಸೀಳಾಗಿ ಜಾಲರಿಯ ಸಂದಿಯಲ್ಲಿ ಇಳಿದು ಅಲ್ಲೇ ಕೊಳೆಯುತ್ತದೆ. ಗೊಬ್ಬರ ಆಗಿರುತ್ತದೆ ಅಂದರೂ ತಪ್ಪಿಲ್ಲ. ಕಟ್ಟಿದ ನೀರು ಮೇಲೇರಿ, ಹೀಟರಿನ ಗಾಳಿ ದಾರಿ ಅಥವಾ ವೈರು ಬರುವ ತೂತಿನ ರಬ್ಬರ್ ಪಕ್ಕದಿಂದ ಒಳಗೆ ಇಳಿಯುತ್ತದೆ. ನೇರ ಪೆಡಲ್ ಕೀಲಿನ ಮೇಲೆ.

ಪತ್ತೆ ಮಾಡಲು ಇಬ್ಬರು ಬೇಕು. ಒಬ್ಬರು ಹೊರಗೆ ನಿಂತು ಜಾಲರಿಯ ಮೇಲೆ ಚೊಂಬಿನಿಂದ ನಿಧಾನಕ್ಕೆ ನೀರು ಸುರಿಯಲಿ. ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ಪೆಡಲ್ ಮೇಲ್ಭಾಗ ನೋಡಲಿ. ಒಂದೇ ಸಲ ಬಕೆಟ್ ಸುರಿದರೆ ಎಲ್ಲ ಕಡೆಯಿಂದ ನೀರು ಬಂದು ಏನೂ ಗೊತ್ತಾಗುವುದಿಲ್ಲ. ಮೊದಲು ಜಾಲರಿ, ಅಲ್ಲಿ ಇಲ್ಲದಿದ್ದರೆ ಗಾಜಿನ ರಬ್ಬರಿನ ಮೂಲೆಗಳು, ಕೊನೆಗೆ ಬಾಗಿಲಿನ ರಬ್ಬರ್. ಪ್ರತಿ ಸಲ ಸ್ವಲ್ಪ ಕಾಯಿರಿ. ನೀರು ಸುತ್ತಿ ಬಳಸಿ ಬರಲು ಸಮಯ ಬೇಕು.

ಜಾಲರಿ ತೆಗೆದು ಕೈಯಿಂದಲೇ ಎಲೆ ಕಸ ತೆಗೆಯಿರಿ. ನೀರಿನ ಪೈಪು ಹಿಡಿದು ಒಳಕ್ಕೆ ತಳ್ಳಿದರೆ ಕಸ ಇನ್ನೂ ಕೆಳಗೆ ಹೋಗಿ ಗಟ್ಟಿಯಾಗುತ್ತದೆ. ಎರಡೂ ಬದಿಯ ದಾರಿಯಲ್ಲಿ ನೀರು ಸರಾಗ ಇಳಿದು ಮುಂದಿನ ಚಕ್ರದ ಹಿಂದೆ ಬೀಳುವುದು ಕಾಣಬೇಕು.

ಕಾರ್ಪೆಟ್ ಎತ್ತಿ ಕೆಳಗಿನ ಫೆಲ್ಟ್ ಒತ್ತಿ ನೋಡಿ. ಮೇಲೆ ಒಣಗಿದಂತೆ ಕಂಡರೂ ಫೆಲ್ಟ್ ಒಳಗೆ ನೀರು ವಾರಗಟ್ಟಲೆ ನಿಲ್ಲುತ್ತದೆ. ಗಾಡಿ ಮುಚ್ಚಿದಾಗ ಆ ತೇವ ಎದ್ದು ಪೆಡಲ್, ಸೀಟಿನ ಹಳಿ, ನೆಲದ ತಗಡು ಎಲ್ಲಕ್ಕೂ ಕೂರುತ್ತದೆ. ಮಳೆಗಾಲದಲ್ಲಿ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಫೆಲ್ಟ್ ಎಲ್ಲಿ ಒಣಗೀತು? ಫೆಲ್ಟ್ ಹೊರಗೆ ತೆಗೆದು, ಒಲೆ ಇರುವ ಕೋಣೆಯಲ್ಲಿ ದೂರಕ್ಕೆ ತೂಗುಹಾಕುವುದೇ ದಾರಿ. ಕೆಲವರು ಗಾಡಿಯೊಳಗೆ ಕೆಂಡದ ಬಾಣಲೆ ಇಟ್ಟು ಒಣಗಿಸುತ್ತಾರೆ. ಮಾಡಬೇಡಿ. ಬೆಂಕಿಯ ಭಯ ಒಂದು ಕಡೆ, ಕೆಂಡದ ವಿಷಗಾಳಿ ಇನ್ನೊಂದು ಕಡೆ. ಫೆಲ್ಟ್ ಎತ್ತುವಾಗ ಜಿಗಣೆ ಸಿಕ್ಕರೆ ಆಶ್ಚರ್ಯ ಬೇಡ.

ಬೂಟಿನಿಂದ ಬಂದ ಕೊಳೆ

ಮೇಲಿನ ಎರಡೂ ಅಲ್ಲ ಅಂತ ಆಯಿತು. ಈಗ ಕೊಳೆ ಯಾವ ಜಾತಿ ನೋಡಿ, ಅದರ ಮೇಲೆ ಮದ್ದು.

ಕಾಫಿ ಕುಯ್ಯುವ ಸಮಯದಲ್ಲಿ ಬರುವ ಕರಿ ಜಿಗುಟು ಹೆಚ್ಚಾಗಿ ಹಣ್ಣಿನ ಸಿಪ್ಪೆ, ಲೋಳೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಹತ್ತಿರ ಓಡಾಡಿ ಬಂದ ಕಾಲಿನಿಂದ ಅಂಟುತ್ತದೆ. ಅದರಲ್ಲಿ ಸಕ್ಕರೆ ಇರುವುದರಿಂದ ಒಣಗಿ ಧೂಳು ಹಿಡಿದು ಗ್ರೀಸಿನಂತೆ ಕಾಣುತ್ತದೆ. ಇದಕ್ಕೆ ಸೀಮೆಎಣ್ಣೆ ಹಾಕಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಬಿಸಿ ನೀರಿನ ಬಟ್ಟೆ ಐದು ನಿಮಿಷ ಸುತ್ತಿಟ್ಟರೆ ತಾನೇ ಬಿಡುತ್ತದೆ. ನಿಜವಾದ ಗ್ರೀಸಾದರೆ ನೀರಿಗೆ ಬಗ್ಗುವುದಿಲ್ಲ. ಆದ್ದರಿಂದ ಯಾವಾಗಲೂ ಒದ್ದೆ ಬಟ್ಟೆಯಿಂದ ಶುರು ಮಾಡಿ, ಹೋಗದಿದ್ದರೆ ಮಾತ್ರ ಮುಂದಕ್ಕೆ.

ನೀಲಿ ಮಿಶ್ರಿತ ಬಿಳಿ ಕಲೆ ಕಂಡರೆ ಅದು ಬೋರ್ಡೋ, ಗಿಡದ ರೋಗಕ್ಕೆ ಹೊಡೆಯುವ ದ್ರಾವಣ. ಶೇಕಡಾ 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೆಣಸಿಗೆ, ಕಾಫಿಗೆ ಹೊಡೆದು ಅದೇ ಬೂಟಿನಲ್ಲಿ ಗಾಡಿ ಹತ್ತಿದರೆ ತಾಮ್ರದ ಅಂಶ ಪೆಡಲ್‌ಗೆ ಬರುತ್ತದೆ. ಕಬ್ಬಿಣಕ್ಕೂ ಒಳ್ಳೆಯದಲ್ಲ, ಅಲ್ಯೂಮಿನಿಯಂ ಕವರಿಗಂತೂ ಶತ್ರು. ತಾಮ್ರ ಮತ್ತು ಅಲ್ಯೂಮಿನಿಯಂ ತೇವದಲ್ಲಿ ಒಂದಕ್ಕೊಂದು ತಾಗಿದರೆ ಅಲ್ಯೂಮಿನಿಯಂ ಸಣ್ಣ ಗುಳಿ ಗುಳಿಯಾಗಿ ತಿಂದುಹೋಗುತ್ತದೆ. ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ, ಅದರ ಕೆಳಗೆ ಚುಕ್ಕಿ ಕಂಡರೆ ಆ ಕೆಲಸ ಶುರುವಾಗಿದೆ. ಗೊಬ್ಬರದ ಪೊಟ್ಯಾಷ್ ಕೂಡ ಹೀಗೇ. ಅದು ಒಂದು ಬಗೆಯ ಉಪ್ಪು, ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಸುತ್ತದೆ. ಗೊಬ್ಬರ ಹಾಕಿಸಿದ ದಿನ, ಬೋರ್ಡೋ ಹೊಡೆಸಿದ ದಿನ ಸಂಜೆಯೇ ಪೆಡಲ್ ಒಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ. ವರ್ಷಕ್ಕೊಮ್ಮೆ ತಿಕ್ಕುವುದಕ್ಕಿಂತ ಇದರಿಂದ ಲಾಭ ಜಾಸ್ತಿ.

ತೊಳೆಯುವ ರೀತಿ

ಬಕೆಟ್ ಬಿಸಿ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ. ಹಳೇ ಟೂತ್ ಬ್ರಷ್, ಒಂದು ನೈಲಾನ್ ಬ್ರಷ್, ಬಟ್ಟೆ. ಇಷ್ಟರಲ್ಲೇ ಬಹುಪಾಲು ಕೊಳೆ ಹೋಗುತ್ತದೆ. ರಬ್ಬರ್ ಪ್ಯಾಡನ್ನು ಅಂಚಿನಿಂದ ಎಬ್ಬಿಸಿ ಕಳಚಿ ತೆಗೆಯಿರಿ. ಅದರ ಹಿಂದೆ ನೀರು ನಿಂತು ತಗಡು ತಿಂದಿರುತ್ತದೆ, ಮೇಲಿನಿಂದ ಕಾಣುವುದಿಲ್ಲ. ಪ್ಯಾಡ್ ಗೀರುಗಳಲ್ಲಿನ ಮಣ್ಣು ಬ್ರಷ್‌ನಿಂದ ತೆಗೆಯಿರಿ. ಗೀರೇ ಸವೆದು ನುಣ್ಣಗಾಗಿದ್ದರೆ ತೊಳೆದು ಫಲವಿಲ್ಲ, ಹೊಸದು ಹಾಕಿ. ಸ್ಪೇರ್ ಅಂಗಡಿಯಲ್ಲಿ ದುಬಾರಿ ಸಾಮಾನೇನಲ್ಲ.

ಗ್ರೀಸಿಗೆ ಬಟ್ಟೆಯಲ್ಲಿ ಒಂದಿಷ್ಟು ಸೀಮೆಎಣ್ಣೆ ಅದ್ದಿ ಲೋಹದ ಮೇಲೆ ಮಾತ್ರ ಒರೆಸಿ, ತಕ್ಷಣ ಸೋಪು ನೀರಿನಿಂದ ತೆಗೆಯಿರಿ. ರಬ್ಬರಿಗೆ ತಾಗಿದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಪೆಟ್ರೋಲ್ ಬೇಡವೇ ಬೇಡ, ಮುಚ್ಚಿದ ಗಾಡಿಯೊಳಗೆ ಅದರ ಆವಿ ಅಪಾಯ.

ವಾಟರ್ ಸರ್ವಿಸ್‌ನಲ್ಲಿ ಹುಡುಗರು ಪ್ರೆಶರ್ ಗನ್ ಹಿಡಿದು ಒಳಗೆ ಪೆಡಲ್ ಮೇಲೂ ಹೊಡೆಯಲು ಬಂದರೆ "ಬೇಡಪ್ಪಾ, ಅದು ನಾನೇ ಮಾಡ್ತೀನಿ" ಅನ್ನಿ. ಹಳೇ ಗಾಡಿಗಳಲ್ಲಿ ಫ್ಯೂಸ್ ಬಾಕ್ಸ್ ಹೆಚ್ಚಾಗಿ ಡ್ಯಾಶ್ ಕೆಳಗೇ ಇರುತ್ತದೆ. ಬ್ರೇಕ್ ಲೈಟಿನ ಸ್ವಿಚ್ ಪೆಡಲ್ ಪಕ್ಕದಲ್ಲೇ ಇರುತ್ತದೆ.

ಅಲ್ಯೂಮಿನಿಯಂ ಕವರಿಗೆ ಸೋಪು ನೀರು, ಮೆತ್ತನೆ ಬ್ರಷ್ ಸಾಕು. ಕಾಸ್ಟಿಕ್ ಸೋಡಾ, ಬಾತ್‌ರೂಮ್ ಆಸಿಡ್ ತಾಗಿಸಬೇಡಿ, ಮೇಲ್ಮೈ ಸುಟ್ಟು ಕಪ್ಪಾಗುತ್ತದೆ. ಕವರ್ ಸ್ಕ್ರೂ ಸಡಿಲ ಇದೆಯಾ ಅಲುಗಾಡಿಸಿ ನೋಡಿ. ನಾನಾಗಿದ್ದರೆ ಮಳೆ ನಾಡಿನಲ್ಲಿ ಆ ನುಣುಪು ಕವರ್ ತೆಗೆದು ರಬ್ಬರೇ ಹಾಕುತ್ತಿದ್ದೆ.

ತುಕ್ಕು

ಬಾಯಲ್ಲಿ ಊದಿದರೆ ಹಾರುವ ತುಕ್ಕಿಗೆ ಸಣ್ಣ ಸ್ಟೀಲ್ ವುಲ್ ಸಾಕು. ಹೊರಪೊರೆ ಎದ್ದಿದ್ದರೆ ವೈರ್ ಬ್ರಷ್, ಆಮೇಲೆ 120 ನಂಬರ್ ಸ್ಯಾಂಡ್ ಪೇಪರ್, ಕೊನೆಗೆ 220. ಕೆಳಗೆ ಪೇಪರ್ ಹಾಸಿ, ಕಬ್ಬಿಣದ ಪುಡಿ ಕಾರ್ಪೆಟ್‌ನಲ್ಲಿ ಉಳಿದರೆ ಅದೇ ಮತ್ತೆ ತುಕ್ಕಿನ ಕಲೆ. ಬೆಸುಗೆ ಇರುವ ಜಾಗದಲ್ಲಿ ಬಿರುಕು ಕಂಡರೆ, ತೋಳು ತೆಳ್ಳಗಾಗಿದ್ದರೆ, ಬಣ್ಣ ಹೊಡೆದು ಮುಚ್ಚಬೇಡಿ. ತೋಳು ಬದಲಿಸಬೇಕು.

ಹುಳಿ ತುಕ್ಕು ತೆಗೆಯುತ್ತದೆ ಅಂತ ಅಡುಗೆಯ ಹುಳಿ ರಸ ಕಾಚಂಪುಳಿ ಹಚ್ಚುವ ಉಪಾಯವೂ ಇದೆ. ತೆಗೆಯುತ್ತದೆ, ನಿಜ. ಆದರೆ ಚೆನ್ನಾಗಿ ತೊಳೆದು ಒಣಗಿಸದಿದ್ದರೆ ಉಳಿದ ಹುಳಿಯಿಂದಲೇ ಹೊಸ ತುಕ್ಕು ಶುರು. ಅಷ್ಟು ಕಷ್ಟಪಟ್ಟು ಕುದಿಸಿದ ಕಾಚಂಪುಳಿ ಪಂದಿಕರಿಗೇ ಇರಲಿ. ಅಂಗಡಿಯಲ್ಲಿ ಸಿಗುವ ರಸ್ಟ್ ಕನ್ವರ್ಟರ್ ಹಚ್ಚಿ, ಡಬ್ಬಿ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಪ್ರೈಮರ್ ಮತ್ತು ಕರಿ ಎನಾಮಲ್ ಹೊಡೆಯಿರಿ.

ಬಣ್ಣದ ಕೆಲಸ ಜುಲೈ, ಆಗಸ್ಟ್‌ನಲ್ಲಿ ಬೇಡ. ತೇವದಲ್ಲಿ ಎನಾಮಲ್ ಒಣಗದೆ ಗುಳ್ಳೆ ಏಳುತ್ತದೆ. ಆಗ ತೋಳಿನ ಮೇಲೆ ಮಾತ್ರ ತೆಳುವಾಗಿ ವ್ಯಾಕ್ಸ್ ಹಚ್ಚಿ ದಿನ ದೂಡಿ. ನವೆಂಬರ್ ಬಿಸಿಲು ಬಂದಮೇಲೆ ಬಣ್ಣ ಹೊಡೆಯಿರಿ. ಹೊಡೆಯುವ ಮೊದಲು ಹೇರ್ ಡ್ರೈಯರ್‌ನಿಂದ ಲೋಹ ಬೆಚ್ಚಗೆ ಮಾಡಿ. ಕಾಲಿಡುವ ಮುಖಕ್ಕೆ ವ್ಯಾಕ್ಸು, ಎಣ್ಣೆ, ಡ್ಯಾಶ್‌ಬೋರ್ಡ್ ಪಾಲಿಶ್ ಯಾವುದೂ ಬೇಡ. ಹೊಳಪಿಗೆ ಹಚ್ಚಿದ ಪಾಲಿಶ್ ಮೇಲೆ ಒದ್ದೆ ಚಪ್ಪಲಿ ನಿಲ್ಲುವುದಿಲ್ಲ.

ಪೆಡಲ್ ಮೇಲೆ ಬರಲು ತಡ ಮಾಡಿದರೆ

ಮೊದಲು ಮ್ಯಾಟ್. ಹಳೇ ಮ್ಯಾಟ್ ಮೇಲೆ ಗೋಣಿಚೀಲ ಹಾಸುವ ಅಭ್ಯಾಸ ಮಳೆಗಾಲದಲ್ಲಿ ಇದ್ದೇ ಇದೆ. ಅದು ಜರುಗಿ ಆಕ್ಸಿಲರೇಟರ್ ಮೇಲೆ ಕೂತರೆ ಎಂಜಿನ್ ವೇಗ ಇಳಿಯುವುದಿಲ್ಲ. ಗೋಣಿ ತೆಗೆಯಿರಿ.

ಆಮೇಲೂ ಆಕ್ಸಿಲರೇಟರ್ ಅಂಟಿದರೆ, ಎಂಜಿನ್ ಆಫ್ ಇರುವಾಗ ಕಾರ್ಬುರೇಟರ್ ಅಥವಾ ಥ್ರಾಟಲ್ ಕಡೆಯಲ್ಲಿ ಕೇಬಲ್ ಬಿಚ್ಚಿ ಪೆಡಲ್ ಒತ್ತಿ ಬಿಡಿ. ಕೇಬಲ್ ಇಲ್ಲದೆಯೂ ಪೆಡಲ್ ಬಿಗಿ ಅನ್ನಿಸಿದರೆ ಕೀಲಿನಲ್ಲಿ ಕೊಳೆ. ಪೆಡಲ್ ಹಗುರವಾಗಿ ಆಡಿದರೆ ತೊಂದರೆ ಕೇಬಲ್‌ನಲ್ಲಿ, ಇಲ್ಲಾ ಥ್ರಾಟಲ್ ಕಡೆ. ಎಳೆ ಬಿಚ್ಚಿದ ಕೇಬಲ್‌ಗೆ ಎಣ್ಣೆ ಹಾಕಿ ಮುಂದೂಡಬೇಡಿ, ಬದಲಿಸಿ.

ಕೀಲಿಗೆ ಸ್ಪ್ರೇ ಎಣ್ಣೆ ಹೊಡೆದರೆ ಕಿರುಗುಟ್ಟುವುದು ಆಗಲೇ ನಿಲ್ಲುತ್ತದೆ, ಆದರೆ ಇದ್ದ ಗ್ರೀಸೂ ತೊಳೆದು ಹೋಗುತ್ತದೆ. ಸ್ವಲ್ಪ ದಿನದಲ್ಲಿ ಶಬ್ದ ಮತ್ತೆ ಬರುತ್ತದೆ. ಹಳೇ ಕೊಳೆ ಒರೆಸಿ ಕೀಲಿನೊಳಗಿನ ನೈಲಾನ್ ಬುಶ್‌ಗೆ (ಬಳೆಯಂಥ ತುಂಡು) ಬಿಳಿ ಗ್ರೀಸು ತೆಳುವಾಗಿ ಹಚ್ಚಿ. ಬುಶ್ ಸವೆದು ಪೆಡಲ್ ಅಡ್ಡಡ್ಡ ಅಲುಗಾಡುತ್ತಿದ್ದರೆ ಬುಶ್ ಬದಲಿಸುವುದೇ ಸರಿ.

ಗಾಡಿ ತೆಗೆಯುವ ಮೊದಲು

ಪ್ಯಾಡ್ ವಾಪಸ್ ಹಾಕುವಾಗ ಸೋಪು ನೀರು ಹಚ್ಚಿದರೆ ಸುಲಭವಾಗಿ ಕೂರುತ್ತದೆ, ಎಣ್ಣೆ ಬೇಡ. ನಾಲ್ಕೂ ಅಂಚು ತಗಡಿನ ಹಿಂದಕ್ಕೆ ಸರಿಯಾಗಿ ಹೋಗಿದೆಯಾ ಬೆರಳಿನಿಂದ ಸುತ್ತ ಮುಟ್ಟಿ ನೋಡಿ. ಎಂಜಿನ್ ಆಫ್ ಇಟ್ಟು ಆಕ್ಸಿಲರೇಟರ್ ಪೂರ್ತಿ ಒತ್ತಿ ಒಮ್ಮೆಲೇ ಬಿಡಿ, ಟಪ್ ಅಂತ ಮೇಲೆ ಬರಬೇಕು. ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ಲೈಟು ಹತ್ತಬೇಕು, ಬಿಟ್ಟಾಗ ಆರಬೇಕು. ಮನೆಯಲ್ಲಿ ಯಾರಾದರೂ ಹಿಂದೆ ನಿಂತು ನೋಡಲಿ, ಒಬ್ಬರೇ ಇದ್ದರೆ ಕತ್ತಲಾದ ಮೇಲೆ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿದರೆ ಕನ್ನಡಿಯಲ್ಲಿ ಕಾಣುತ್ತದೆ. ಲೈಟು ಆರದೆ ಉಳಿದರೆ ತೊಳೆಯುವಾಗ ಸ್ವಿಚ್ ಜರುಗಿದೆ, ಅದರ ನಟ್ ಸಡಿಲಿಸಿ ಪೆಡಲ್ ಕಡೆಗೆ ಸ್ವಲ್ಪ ತಂದು ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಪೆಡಲ್ ಪೂರ್ತಿ ಮೇಲಕ್ಕೆ ಬರುತ್ತದೆಯಾ ನೋಡಿ, ಸ್ವಿಚ್ ಅದನ್ನು ತಡೆದರೆ ಬ್ರೇಕ್ ಹಿಡಿದೇ ಉಳಿಯುತ್ತದೆ.